ಬಾವಿಗೆ ಇಳಿಸಿದ ದೀಪ

ಹನ್ನೊಂದು ಗಂಟೆ ಐದು ನಿಮಿಷ. ಶನಿವಾರ, ಬೆಳಿಗ್ಗೆ. ಸಮಯ ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ ನಮ್ಮ ಅತ್ತೆ. ಶನಿವಾರ ಒಂಬತ್ತರಿಂದ ಹತ್ತೂವರೆಯವರೆಗೆ ರಾಹುಕಾಲ. ಅದು ಮುಗಿಯುವ ತನಕ ಬಾವಿಯ ಮುಚ್ಚಳ ತೆಗೆಯಬಾರದೆಂದು ಅವರು ಹಟ ಹಿಡಿದಿದ್ದರು. ಪಾಯಿಖಾನೆ ನೀರು ಎಳೆಯುವ ಟ್ರ್ಯಾಕ್ಟರಿನವನು ಒಂಬತ್ತಕ್ಕೇ ಬಂದು, ಗೇಟಿನ ಹೊರಗೆ ಗಾಡಿ ನಿಲ್ಲಿಸಿ, "ಗಲೀಜು ಎತ್ತೋಕೂ ಮುಹೂರ್ತ ನೋಡ್ತೀರಲ್ಲಮ್ಮ" ಎಂದು ನಗುತ್ತ ಕೂತಿದ್ದ. ಹಾಗಾಗಿ ಆ ದಿನ ಮನೆಯವರೆಲ್ಲರ ಕಣ್ಣೂ ಗಡಿಯಾರದ ಮೇಲಿತ್ತು. ಹತ್ತೂ ಮೂವತ್ತೊಂದಕ್ಕೆ ಮುಚ್ಚಳ ತೆರೆದರು. ಹನ್ನೊಂದಕ್ಕೆ ಅವನ ಟ್ಯಾಂಕರು ತುಂಬಿತು. ಹನ್ನೊಂದೂ ಐದಕ್ಕೆ ಮಾವ ನನ್ನನ್ನು ಒಂದು ಪ್ರಶ್ನೆ ಕೇಳಿದರು. ನಾನು, "ಉರೀತಿದೆ ಮಾವ" ಎಂದೆ.

ಅವರು ಪ್ರಜ್ಞೆ ತಪ್ಪಿದ್ದು ಅದಾದ ಆರೇಳು ನಿಮಿಷಕ್ಕೆ. ಆದರೆ ಎಲ್ಲ ಕೆಟ್ಟದ್ದು ಯಾವಾಗಿನಿಂದ ಎಂದು ಯಾರಾದರೂ ಕೇಳಿದರೆ ನಾನು ಹೇಳುವ ಸಮಯ ಹನ್ನೊಂದೂ ಐದು.

ನಮ್ಮ ಮನೆ ಇರುವುದು ಅಟ್ಟೂರಿನಲ್ಲಿ. ನಾನು ಮದುವೆಯಾಗಿ ಬಂದದ್ದು 2008ರಲ್ಲಿ. ಮಾವನದು ಊರಿನ ಹಳೆಯ ಬೇಸಾಯದ ಮನೆತನ. ಹೊಲಗಳೆಲ್ಲ ಲೇಔಟುಗಳಾಗಿ ಹೋದ ಮೇಲೆ ಕೆರೆಯ ಕೆಳಗೆ ಒಂದು ತುಂಡು ಜಾಗ ಉಳಿದುಕೊಂಡಿತ್ತು. ನಾನು ಬಂದ ಮರುವರ್ಷ ಅದರಲ್ಲೇ ಮನೆ ಕಟ್ಟಿಸಿದರು. ಮೇಲೆ ನಾವು, ಕೆಳಗೆ ಬಾಡಿಗೆಗೆ ಎರಡು ಮನೆ.

ಅದು ಯಾಕೆ ಅಷ್ಟು ವರ್ಷ ಮಾರಾಟವಾಗದೆ ಉಳಿದಿತ್ತೆಂದು ಪಾಯ ತೆಗೆಯುವಾಗ ಗೊತ್ತಾಯಿತು. ಮುಂಭಾಗ ಹಿಂದೆ ಗದ್ದೆಯಾಗಿದ್ದದ್ದು, ಕಟ್ಟಡ ಒಡೆದ ಕಲ್ಲುಮಣ್ಣು ಸುರಿದು ಎತ್ತರಿಸಿದ್ದು. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ಅಗೆದರೆ ಸಾಕು, ನೀರು ಜಿನುಗುತ್ತಿತ್ತು. ಹಿಂಭಾಗದಲ್ಲಿ ಒಂದು ಮೊಳಕ್ಕೇ ಹಾಸುಬಂಡೆ. ಒಳಚರಂಡಿಯ ಕೊಳವೆ ಪಕ್ಕದ ಲೇಔಟಿನ ರಸ್ತೆಯವರೆಗೆ ಬಂದಿತ್ತು, ಆದರೆ ನಮ್ಮ ಓಣಿ ಅದಕ್ಕಿಂತ ಆಳೆತ್ತರ ತಗ್ಗಿನಲ್ಲಿತ್ತು. ಸೆಪ್ಟಿಕ್ ಟ್ಯಾಂಕ್ ಕಟ್ಟಬಹುದು, ಅದರಿಂದ ಹೊರಬೀಳುವ ನೀರನ್ನು ಎಲ್ಲಿ ಇಂಗಿಸುವುದು? ಮುಂದೆ ತೋಡಿದರೆ ಕೆರೆ, ಹಿಂದೆ ತೋಡಿದರೆ ಬಂಡೆ.

ಎರಡರ ನಡುವೆ ಬಾವಿ ಇತ್ತು. ಮಾವನ ಅಜ್ಜ ತೋಡಿಸಿದ ಕಲ್ಲುಕಟ್ಟಡದ ಬಾವಿ. ಒಳಗೋಡೆಯಿಂದ ಒಂದೊಂದು ಕಲ್ಲು ಹೊರಚಾಚಿ ಇಳಿಯಲು ಮೆಟ್ಟಿಲಾಗಿತ್ತು. ಸುತ್ತ ಕೊಳವೆಬಾವಿಗಳು ಕೊರೆದ ಮೇಲೆ ಅದು ಬತ್ತಿಹೋಗಿತ್ತು. ಮೇಸ್ತ್ರಿ ಅದರೊಳಗೆ ಇಣುಕಿ, "ಇಷ್ಟು ದೊಡ್ಡ ಗುಂಡಿ ಇಟ್ಕೊಂಡು ಯಾಕ್ ಯೋಚನೆ ಮಾಡ್ತೀರಿ ಯಜಮಾನ್ರೇ?" ಎಂದ.

ಅತ್ತೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮದುವೆಯಾಗಿ ಬಂದ ದಿನ ಅವರು ಗಂಗೆ ಪೂಜೆ ಮಾಡಿದ್ದು ಆ ಬಾವಿಗೆ. ಕೊನೆಗೆ ಅವರೇ ಒಂದು ದಾರಿ ಕಂಡುಕೊಂಡರು. ಒಂದು ಶುಕ್ರವಾರ ತಾಮ್ರದ ಬಿಂದಿಗೆಯನ್ನು ಒಣಬಾವಿಗೆ ಬಿಟ್ಟು, ಮಾವನನ್ನು ಕೆಳಗಿಳಿಸಿ, ತಳದ ಒಂದು ಹಿಡಿ ತೇವದ ಮಣ್ಣನ್ನು ಅದರಲ್ಲಿ ತುಂಬಿಸಿ ಮೇಲೆಳೆದರು. ಅದಕ್ಕೆ ಅರಿಶಿನ ಕುಂಕುಮ ಇಟ್ಟು ಹೊಸ ಮನೆಯ ನೀರಿನ ಸಂಪಿನೊಳಗೆ ಹಾಕಿದರು. "ಗಂಗಮ್ಮನ್ನ ಕರ್ಕೊಂಡು ಬಂದ್ವಿ. ಇನ್ನು ಅದು ಬಾವಿ ಅಲ್ಲ" ಎಂದರು.

ಹೇಳಿದ್ದು ಹಾಗೆ. ಆಮೇಲೆ ಐದು ವರ್ಷ ನಮ್ಮ ಮನೆಯಲ್ಲಿ ಯಾರೂ ಅದನ್ನು ಬಾವಿ ಎಂದಲ್ಲದೆ ಬೇರೆ ಹೆಸರಿನಿಂದ ಕರೆಯಲಿಲ್ಲ. ಪಕ್ಕದಲ್ಲಿ ಚಿಕ್ಕದೊಂದು ಟ್ಯಾಂಕು ಕಟ್ಟಿ, ಅದರ ಕೊಳವೆಯನ್ನು ಒಳಗೆ ಬಿಟ್ಟು, ಮೇಲೆ ಕಾಂಕ್ರೀಟಿನ ಚಪ್ಪಡಿ ಹಾಕಿ, ಒಬ್ಬ ಮನುಷ್ಯ ಇಳಿಯುವಷ್ಟು ಕಿಂಡಿಗೆ ಮುಚ್ಚಳ ಇಟ್ಟೆವು. ಆಗಲೂ ಬಾವಿ ತುಂಬಿತು, ಬಾವಿ ಖಾಲಿ ಮಾಡಿಸಬೇಕು, ಬಾವಿ ಕಟ್ಟಿಕೊಂಡಿದೆ ಎಂದೇ ಹೇಳುತ್ತಿದ್ದೆವು. ನಾನೂ ಹಾಗೆಯೇ ಹೇಳುತ್ತಿದ್ದೆ. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವಳು. ಪಿಯು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ.

ಮಾವನಿಗೆ ನನ್ನ ಓದಿನ ಮೇಲೆ ಒಂದು ಬಗೆಯ ಹೆಮ್ಮೆ, ಅದಕ್ಕೆ ತಕ್ಕಷ್ಟು ಗೇಲಿ. "ಏನ್ ಮೇಡಮ್ಮೋರೆ, ಇವತ್ತು ಕಾಫಿಗೆ ಏನೇನ್ ಕೆಮಿಕಲ್ ಆಕಿದೀರಿ?" ಎನ್ನುತ್ತಿದ್ದರು. ಹರೆಯದಲ್ಲಿ ಬಾವಿಯ ಹೂಳೆತ್ತುತ್ತಿದ್ದ ಕತೆ ಅವರಿಗೆ ಬಹಳ ಪ್ರೀತಿಯದು. ಯುಗಾದಿ ಕಳೆದ ಮೇಲೆ ಪ್ರತಿ ವರ್ಷ ಇಳಿಯುತ್ತಿದ್ದರಂತೆ. ಇಳಿಯುವ ಮೊದಲು ಹಿತ್ತಾಳೆಯ ತಟ್ಟೆಗೆ ಮೂರು ಕಡೆ ದಾರ ಕಟ್ಟಿ, ಅದರಲ್ಲಿ ಎಣ್ಣೆಯ ಹಣತೆ ಇಟ್ಟು ಕೆಳಗೆ ಬಿಡುವುದು. ದೀಪ ಆರಿದರೆ ಅವತ್ತು ಯಾರೂ ಇಳಿಯುವಂತಿಲ್ಲ. ಉರಿದರೆ, ಸೊಂಟಕ್ಕೂ ಎರಡು ಕಂಕುಳಿಗೂ ಸೇರಿಸಿ ಹಗ್ಗ ಬಿಗಿದುಕೊಂಡು ಒಬ್ಬನೇ ಇಳಿಯಬೇಕು.

ಮೊದಲ ಸಲ ಕೇಳಿದಾಗ ನಾನು ಅವರಿಗೆ ವಿವರಿಸಿದ್ದೆ. ಬಾವಿಯ ತಳದಲ್ಲಿ ಇಂಗಾಲದ ಡೈಆಕ್ಸೈಡ್ ನಿಂತಿರುತ್ತದೆ, ಆಮ್ಲಜನಕ ಕಡಿಮೆಯಿರುತ್ತದೆ, ಅದಕ್ಕೇ ದೀಪ ಆರುತ್ತದೆ ಎಂದು. ಅವರ ಮುಖ ಅರಳಿತ್ತು. "ನೋಡ್ದಾ? ನಮ್ಮಪ್ಪ ಇಸ್ಕೂಲಿಗೇ ಓಗ್ದೆ ಸೈನ್ಸ್ ಮಾಡವ್ನೆ!" ಆಮೇಲೆ ಊರಿನವರು ಯಾರೇ ಬಂದರೂ ನನ್ನನ್ನು ಕರೆದು ಅದನ್ನೇ ಹೇಳಿಸುತ್ತಿದ್ದರು. ನಾನೂ ತರಗತಿಯಲ್ಲಿ ಆ ದೀಪದ ಉದಾಹರಣೆ ಕೊಡಲು ಶುರುಮಾಡಿದ್ದೆ.

ಬಾವಿ ಮೂರು ವರ್ಷ ಚೆನ್ನಾಗಿ ನಡೆಯಿತು. ನಾಲ್ಕನೆಯ ವರ್ಷಕ್ಕೆ ಅದರ ಗೋಡೆಗೆಲ್ಲ ಜಿಗುಟು ಕಟ್ಟಿ, ಕಲ್ಲಿನ ಸಂದುಗಳು ಮುಚ್ಚಿಹೋಗಿ, ನೀರು ಇಂಗುವುದು ನಿಂತಿತು. ಮಳೆ ಬಂದರೆ ಕೆರೆಯ ಕಡೆಯ ನೀರೇ ಒಳಕ್ಕೆ ನುಗ್ಗುತ್ತಿತ್ತು. ಮೊದಲು ಆರು ತಿಂಗಳಿಗೊಮ್ಮೆ ಟ್ರ್ಯಾಕ್ಟರು ಬರುತ್ತಿತ್ತು, ಆಮೇಲೆ ಎರಡು ತಿಂಗಳಿಗೊಮ್ಮೆ. 2014ರ ಜೂನಿನಲ್ಲಿ, ಮುಂಗಾರಿನ ಮೊದಲ ದೊಡ್ಡ ಮಳೆಯ ಮಾರನೆಯ ದಿನ, ಕೆಳಗಿನ ಬಾಡಿಗೆ ಮನೆಯ ಪಾಯಿಖಾನೆಯಲ್ಲಿ ನೀರು ಉಕ್ಕಿತು. ಅಲ್ಲಿದ್ದವರು ಆಟೋ ಓಡಿಸುವವರು. ಮೇಲೆ ಬಂದು ನಾಚಿಕೆಯಿಂದ ಹೇಳಿ ಹೋದರು, ತಪ್ಪು ತಮ್ಮದೇ ಎಂಬಂತೆ.

ಹೀಗೆ ಆ ಶನಿವಾರ ಬಂತು. ಎರಡನೆಯ ಶನಿವಾರ, ನನಗೆ ರಜೆ.

ಟ್ಯಾಂಕರು ತುಂಬಿದ ಮೇಲೆ ಬಾವಿಯಲ್ಲಿ ಉಳಿದದ್ದು ತಳದ ಕೆಸರು, ಅದರ ಮೇಲೊಂದು ಕಪ್ಪು ಹೆಪ್ಪು. ಮಾವ ಟಾರ್ಚು ಬಿಟ್ಟು ನೋಡಿದರು. ಕಲ್ಲಿನ ಸಂದಿನಿಂದ ಅರಳಿ ಬೇರು ಇಳಿದು, ಟ್ಯಾಂಕಿನಿಂದ ಬರುವ ಕೊಳವೆಯ ಬಾಯಿಗೆ ಜಡೆಯಂತೆ ಸುತ್ತಿಕೊಂಡಿತ್ತು.

"ಅದನ್ನ ತೆಗೀದಿದ್ರೆ ನಾಳೆ ಮತ್ತೆ ಉಕ್ತದೆ" ಎಂದರು. ಟ್ರ್ಯಾಕ್ಟರಿನವನ ಕಡೆ ತಿರುಗಿ, "ಇಳೀತೀಯೇನ್ಲಾ?" ಎಂದು ಕೇಳಿದರು.

"ನಾನ್ ಇಳಿಯಲ್ಲ. ಯಾರನ್ನೂ ಇಳಿಸೋ ಹಂಗೂ ಇಲ್ಲ."

"ಅಷ್ಟೊಂದು ಜೀವದ ಮೇಲೆ ಆಸೆ ಇದ್ರೆ ಈ ಕೆಲ್ಸಕ್ಯಾಕ್ ಬಂದೆ?"

"ಆಸೆ ಇರೋದಕ್ಕೇ ಪೈಪ್ ಮಾತ್ರ ಇಳಿಸ್ತೀನಿ ಯಜಮಾನ್ರೇ. ನೀವೂ ಇಳೀಬೇಡಿ. ಇದು ಗುಂಡಿ."

"ನಿಂಗೆ ಗುಂಡಿ. ನಮ್ಮಜ್ಜ ತೋಡ್ಸಿದ್ ಬಾವಿ ಇದು. ಇದ್ರ ಒಂದೊಂದ್ ಕಲ್ಲೂ ನನ್ ಕಾಲಿಗೆ ಗೊತ್ತು."

ಅತ್ತೆ ಆಗಲೇ ಒಳಗೆ ಹೋಗಿ ಹಿತ್ತಾಳೆ ತಟ್ಟೆ ತಂದಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ಬಾವಿಗೆ ಇಳಿಯುವುದೆಂದರೆ ದೀಪ. ಅವರಿಗೆ ಅದು ಅಷ್ಟು ಸಹಜ. ನನ್ನ ಗಂಡ ಹಗ್ಗದ ಒಂದು ತುದಿಯನ್ನು ತೆಂಗಿನ ಮರಕ್ಕೆ ಸುತ್ತಿದರು. ಇನ್ನೊಂದು ತುದಿಯನ್ನು ಮಾವ ಹಳೆಯ ಕ್ರಮದಲ್ಲೇ ಸೊಂಟಕ್ಕೂ ಕಂಕುಳಿಗೂ ಬಿಗಿದುಕೊಂಡರು. ಟ್ರ್ಯಾಕ್ಟರಿನವನು ನನ್ನ ಗಂಡನ ಹತ್ತಿರ ಹೋಗಿ, "ನೀವಾದ್ರೂ ಹೇಳಿ ಸಾರ್" ಎಂದ. ಅವರು ಅಪ್ಪನ ಮುಖ ನೋಡಿ, ಮರಕ್ಕೆ ಸುತ್ತಿದ್ದ ಹಗ್ಗವನ್ನು ಇನ್ನೊಮ್ಮೆ ಬಿಗಿದರು.

ದೀಪದ ದಾರ ಹಿಡಿದವಳು ನಾನು.

ನಿಧಾನವಾಗಿ ಬಿಟ್ಟೆ. ಕಿಂಡಿಯ ಕತ್ತಲೆಯಲ್ಲಿ ಹಣತೆ ಒಂದೊಂದೇ ಕಲ್ಲನ್ನು ಬೆಳಗುತ್ತ ಇಳಿಯಿತು. ಮುಚ್ಚಳ ತೆರೆದಾಗ ಮೂಗಿಗೆ ಹೊಡೆದಿದ್ದ ಕೊಳೆತ ಮೊಟ್ಟೆಯ ವಾಸನೆ ಆಗ ಇರಲಿಲ್ಲ. "ವಾಸ್ನೆ ಕಮ್ಮಿ ಆಯ್ತಲ್ವಾ?" ಎಂದರು ಅತ್ತೆ. ನಾನು ಹೂಂ ಎಂದೆ. ಕೆಳಗೆ, ಬೇರಿನ ಮಟ್ಟಕ್ಕಿಂತ ಸ್ವಲ್ಪ ತಗ್ಗಿನಲ್ಲಿ, ದೀಪದ ಕುಡಿ ಅಲುಗಾಡದೆ ನಿಂತಿತು. ಆರಲಿಲ್ಲ. ಮೇಲಿದ್ದಾಗಿನದಕ್ಕಿಂತ ತುಸು ಉದ್ದವಾಯಿತು, ಅಷ್ಟೆ. ಯಾರೋ ಬತ್ತಿಯನ್ನು ಮುಂದಕ್ಕೆ ತಳ್ಳಿದ ಹಾಗೆ.

ಮಾವ ಬಗ್ಗಿ ನೋಡಿದರು. ಮೊಣಕಾಲೂರಿ ಇನ್ನೊಮ್ಮೆ ನೋಡಿದರು. ಆಮೇಲೆ ತಲೆಯೆತ್ತಿ, "ಏನ್ ಮೇಡಮ್ಮೋರೆ, ಎಂಗೈತೆ?" ಎಂದು ಕೇಳಿದರು.

"ಉರೀತಿದೆ ಮಾವ."

ನಾನು ಪ್ರತಿ ವರ್ಷ ಹೈಡ್ರೋಜನ್ ಸಲ್ಫೈಡ್ ಅನಿಲದ ಪಾಠ ಮಾಡುತ್ತೇನೆ. ಕೊಳೆತ ಮೊಟ್ಟೆಯ ವಾಸನೆ ಎಂದು ಹೇಳುವಾಗ ಮಕ್ಕಳು ನಗುತ್ತಾರೆ. ನಗು ನಿಂತ ಮೇಲೆ ಹೇಳುತ್ತೇನೆ: ಆ ವಾಸನೆ ಇದ್ದಕ್ಕಿದ್ದಂತೆ ನಿಂತರೆ ಗಾಳಿ ಚೊಕ್ಕವಾಯಿತೆಂದು ತಿಳಿಯಬೇಡಿ, ನಿಮ್ಮ ಮೂಗು ಕೆಲಸ ನಿಲ್ಲಿಸಿರಬಹುದು. ಅದು ಮನುಷ್ಯನನ್ನು ಕೊಲ್ಲಲು ಬೇಕಾದಷ್ಟು ಇರುವ ಕಡೆ ದೀಪ ಆರಾಮಾಗಿ ಉರಿಯುತ್ತದೆ. ಆಮ್ಲಜನಕ ಇದ್ದೇ ಇರುತ್ತದಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಆ ಹೊತ್ತು ನಾನು ನೋಡುತ್ತಿದ್ದದ್ದು ಬಾವಿಯನ್ನು. ಬಾವಿಯ ಪಾಠ ಬೇರೆ ಪುಟದಲ್ಲಿತ್ತು.

ನಾನು ದೀಪ ಮೇಲೆಳೆದುಕೊಂಡ ಮೇಲೆ ಮಾವ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದರು. ಕಾಲಿನಿಂದ ತಡವಿ ತಡವಿ ಕಲ್ಲು ಹುಡುಕುವುದು ಕೇಳಿಸುತ್ತಿತ್ತು. "ಐತೆ, ಎಲ್ಲಾ ಅಂಗೇ ಐತೆ" ಎಂದರು, ದನಿಯಲ್ಲಿ ಸಂತೋಷವಿತ್ತು. ಮಚ್ಚಿನ ಏಟು ನಾಲ್ಕೈದು ಬಿತ್ತು. "ಬಂತು, ಬಂತು" ಎಂದರು. ಬೇರಿನ ದೊಡ್ಡ ಗಂಟೊಂದು ಕಳಚಿ ಕೆಳಗಿನ ಕೆಸರಿಗೆ ಬಿದ್ದ ಸದ್ದಾಯಿತು. ಹೆಪ್ಪು ಒಡೆದು ಗುಳುಗುಳು ಎಂದದ್ದು ನನಗೆ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ತೆಂಗಿನ ಮರದ ಹಗ್ಗ ಒಮ್ಮೆಗೇ ಸೆಟೆದುಕೊಂಡಿತು.

"ಅಪ್ಪಾ" ಎಂದರು ನನ್ನ ಗಂಡ. ಇನ್ನೊಮ್ಮೆ ಕೂಗಿದರು. ಚಪ್ಪಲಿ ಬಿಟ್ಟು ಕಿಂಡಿಯೊಳಗೆ ಕಾಲಿಟ್ಟರು. ಟ್ರ್ಯಾಕ್ಟರಿನವನು ಹಿಂದಿನಿಂದ ಬಂದು ಅವರ ಸೊಂಟ ತಬ್ಬಿ ನೆಲಕ್ಕೆ ಕೆಡವಿದ.

"ಬಿಡೋ ನನ್ನ!"

"ಬಿಡಲ್ಲ ಕಣ್ರೀ! ಒಬ್ರು ಹೋದ್ರೆ ಸಾಲ್ದಾ? ನೀವ್ ಇಳಿದ್ರೆ ನಿಮ್ ಹಿಂದೆ ಇವ್ರು ಇಳೀತಾರೆ! ಹಗ್ಗ ಇದ್ಯಲ್ಲ, ಎಳೀರಿ! ಮುಖ ಆಕಡೆ ಇಟ್ಕೊಂಡು ಎಳೀರಿ!"

ಎಳೆದೆವು. ಗಂಡ, ಟ್ರ್ಯಾಕ್ಟರಿನವನು, ಕೂಗು ಕೇಳಿ ಓಡಿಬಂದ ಆಟೋದವರು, ನಾನು. ಅತ್ತೆ ಹಗ್ಗದ ತುದಿ ಹಿಡಿದು ಸುಮ್ಮನೆ ನಿಂತಿದ್ದರು, ಎಳೆಯುತ್ತಿರಲಿಲ್ಲ. ಆ ಭಾರ ನನ್ನ ಅಂಗೈಯಲ್ಲಿ ಇನ್ನೂ ಇದೆ. ಎಷ್ಟು ಹೊತ್ತಾಯಿತೆಂದು ಹೇಳಲಾರೆ; ಆಗ ಯಾರೂ ಗಡಿಯಾರ ನೋಡಲಿಲ್ಲ. ಕಿಂಡಿಯ ಹತ್ತಿರ ಬಂದಾಗ ಭುಜ ಸಿಕ್ಕಿಕೊಂಡಿತು. ತಲೆ ಮಾತ್ರ ಹೊರಗೆ, ಒಂದು ಕಡೆ ವಾಲಿತ್ತು, ಬೂದಿಯ ಬಣ್ಣ. ಟ್ರ್ಯಾಕ್ಟರಿನವನು ಉಸಿರು ಬಿಗಿಹಿಡಿದು ಬಗ್ಗಿ, ಒಂದು ಕೈಯನ್ನು ಒಳಗಿನಿಂದ ಮೇಲಕ್ಕೆ ತಿರುಚಿ ಎಳೆದ. ಕಾಂಕ್ರೀಟಿಗೆ ಉಜ್ಜಿ ತೋಳಿನ ಚರ್ಮ ಸುಲಿದು ಬಂತು. ರಕ್ತ ಕಂಡಿತು. ರಕ್ತ ಹರಿಯುತ್ತಿದೆ ಎಂದರೆ ಜೀವ ಇದೆ ಎಂದುಕೊಂಡದ್ದು ನೆನಪಿದೆ.

ಉಸಿರಿರಲಿಲ್ಲ. ಅಂಗಳದಲ್ಲಿ ಮಲಗಿಸಿ ಟ್ರ್ಯಾಕ್ಟರಿನವನು ಎದೆ ಒತ್ತಿದ. ಒತ್ತುತ್ತಲೇ ಬೈಯುತ್ತಿದ್ದ. "ಹೇಳ್ದೆ ತಾನೇ, ಹೇಳ್ದೆ ತಾನೇ ಯಜಮಾನ್ರೇ" ಎಂದು, ಒಂದೊಂದು ಒತ್ತಿಗೂ ಒಂದೊಂದು ಸಲ. ಮಾವನ ಗಂಟಲಿನಿಂದ ಹಳೆಯ ಬಾಗಿಲು ತೆರೆದಂತೆ ಸದ್ದು ಬಂದಾಗ ಅವನು ಹಿಂದಕ್ಕೆ ಕುಸಿದು ಕುಳಿತ. ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ನಾನು ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಎದೆ ಏರುವುದನ್ನು ಎಣಿಸಿದೆ.

ಹನ್ನೊಂದು ದಿನ ಆಸ್ಪತ್ರೆ. ಬದುಕಿದರು. ಹಗ್ಗ ಇಲ್ಲದಿದ್ದರೆ ಕೆಸರಿಗೆ ಬೀಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು ಎಂದರು ಡಾಕ್ಟರು. ಅಂದರೆ ಹಳೆಯ ಕ್ರಮದ ಒಂದು ಅರ್ಧ ಅವರನ್ನು ಕೊಲ್ಲಹೊರಟಿತ್ತು, ಇನ್ನೊಂದು ಅರ್ಧ ಹಿಡಿದುಕೊಂಡಿತು. ಕೊಲ್ಲಹೊರಟ ಅರ್ಧದ ದಾರ ನನ್ನ ಕೈಯಲ್ಲಿತ್ತು.

ಮನೆಗೆ ಬಂದ ಮಾವ ಬೇರೆ ಮನುಷ್ಯ. ದನಿ ಒಡೆದಿತ್ತು. ಬಲಗೈ ನಡುಗುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಕೂರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಅವರ ಮೂಗಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಮೊದಲ ದಿನ ಕಾಫಿ ಕೊಟ್ಟಾಗ ಲೋಟವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕೂತಿದ್ದು, ಕುಡಿಯದೆ ಕೆಳಗಿಟ್ಟರು. ಹಿಡಿ ಮಣ್ಣು ಮೂಸಿ ಮಳೆ ಎಷ್ಟು ಇಳಿದಿದೆ ಎಂದು ಹೇಳುತ್ತಿದ್ದವರು ಅವರು. ಕೆಮಿಕಲ್ ಗೇಲಿ ಆಮೇಲೆ ಮಾಡಲಿಲ್ಲ. ಮೇಡಮ್ಮೋರೆ ಎಂದೂ ಕರೆಯಲಿಲ್ಲ.

ರಾತ್ರಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಒಂದು ಹೊತ್ತಿನಲ್ಲಿ ಎದ್ದು, ಚಪ್ಪಲಿ ಮೆಟ್ಟಿ, ಗೋಡೆ ಹಿಡಿದು ಕೆಳಗಿಳಿದು, ಬಾವಿಯ ಮುಚ್ಚಳದ ಮೇಲೆ ಕಾಲಿಟ್ಟು ಒತ್ತಿ ನೋಡಿ ಬರುತ್ತಿದ್ದರು. ಮುಚ್ಚಿದೆಯೇ ಎಂದು. ಚಪ್ಪಲಿಯ ಸದ್ದು ಹೋಗುವುದಕ್ಕೆ ಎಚ್ಚರವಾದ ನಾನು ಅದು ಮರಳಿ ಬರುವ ತನಕ ಕಣ್ಣು ಬಿಟ್ಟು ಮಲಗಿರುತ್ತಿದ್ದೆ. ದಿನ ಬಿಟ್ಟು ದಿನವಲ್ಲ, ಪ್ರತಿ ದಿನ. ಕಣ್ಣು ಮುಚ್ಚಿದರೆ ಹಣತೆ ಇಳಿಯುತ್ತಿತ್ತು. ಕುಡಿ ಉದ್ದವಾಗುತ್ತಿತ್ತು. ಕೆಲವು ಸಲ ನಾನು "ಬೇಡ ಮಾವ" ಎನ್ನುತ್ತಿದ್ದೆ. ಆದರೂ ಹಗ್ಗ ಸೆಟೆದುಕೊಳ್ಳುತ್ತಿತ್ತು.

ಯಾರೂ ನನ್ನನ್ನು ಏನೂ ಕೇಳಲಿಲ್ಲ. ಅತ್ತೆ ಆ ತಟ್ಟೆಯನ್ನು ತೊಳೆದು ಅಟ್ಟಕ್ಕೆ ಹಾಕಿದರು. ಕಾಲೇಜಿನಲ್ಲಿ ಆ ವರ್ಷ ಆ ಅನಿಲದ ಪಾಠವನ್ನು ಸಹೋದ್ಯೋಗಿಯೊಬ್ಬರಿಗೆ ಬಿಟ್ಟುಕೊಟ್ಟೆ. ಗಂಟಲು ಸರಿಯಿಲ್ಲ ಎಂದೆ.

ಮಳೆಗಾಲ ಮುಗಿದ ಮೇಲೆ ನನ್ನ ಗಂಡ ಒಬ್ಬ ಇಂಜಿನಿಯರನ್ನು ಕರೆತಂದರು. ನನ್ನ ವಯಸ್ಸಿನ ಹೆಂಗಸು, ಕೊಳಚೆ ನೀರಿನ ಕೆಲಸವನ್ನೇ ಮಾಡುವವರು. ಬಂದವರು ಮೊದಲು ಬಾವಿಯನ್ನು ನೋಡಿ, ಕೊಳವೆಬಾವಿ ಎಲ್ಲಿದೆ ಎಂದು ಕೇಳಿದರು. ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಅದರ ನೀರನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಕೊಳಚೆ ಬೆರೆತಿದೆಯೆಂದು ಫಲಿತಾಂಶ ಬಂದ ದಿನ ಅತ್ತೆ ದೇವರ ಮನೆಯಲ್ಲಿ ಬಹಳ ಹೊತ್ತು ಕೂತಿದ್ದರು. ಕುಡಿಯಲು ನಾವು ಕ್ಯಾನ್ ನೀರು ತರಿಸುತ್ತಿದ್ದೆವು. ದೇವರ ಅಭಿಷೇಕಕ್ಕೆ ಮಾತ್ರ ಮನೆಯ ನೀರು.

ದೀಪದ ಮಾತು ಕೇಳಿದಾಗ ಇಂಜಿನಿಯರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಬೆಂಕಿ ಬಿಟ್ರಾ ಅದ್ರೊಳಗೆ?" ಎಂದರು. "ಮೀಥೇನ್ ಇನ್ನೂ ಸ್ವಲ್ಪ ಜಾಸ್ತಿ ಇದ್ದಿದ್ರೆ ಆ ಚಪ್ಪಡಿ ಹಾರ್ತಿತ್ತು. ಸುತ್ತ ನಿಂತಿದ್ದೋರ ಸಮೇತ." ಕುಡಿ ಉದ್ದವಾದದ್ದು ಆ ಅನಿಲವೂ ಜೊತೆಗೆ ಉರಿದದ್ದಕ್ಕೆ ಎಂದು ನನಗೆ ಆಗ ಹೊಳೆಯಿತು. ಆ ದೀಪ ಎಚ್ಚರಿಸಿತ್ತು. ಅದರ ಭಾಷೆ ನಾನು ಓದಿದ್ದೆ, ಮಾವ ಓದಿರಲಿಲ್ಲ.

ಇಂಜಿನಿಯರು ಜಾಗದಲ್ಲಿ ನಾಲ್ಕು ಕಡೆ ಚಿಕ್ಕ ಗುಂಡಿ ತೋಡಿಸಿ, ನೀರು ತುಂಬಿ, ಒಂದೊಂದರಲ್ಲೂ ಗುರುತು ಹಾಕಿದ ಕಡ್ಡಿ ನೆಟ್ಟು, ನೀರು ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಎಂದು ಬರೆದುಕೊಂಡರು. ಮಾವ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು. ಬಂಡೆಯ ಕಡೆ ನೀರು ಕದಲಲೇ ಇಲ್ಲ. ಗದ್ದೆಯ ಕಡೆ ಇಳಿಯುವುದರ ಬದಲು ಒಂದು ಬೆರಳು ಮೇಲೆ ಬಂತು.

"ಇದು ಕುಡ್ಯೋದಿರ್ಲಿ, ವಾಂತಿ ಮಾಡ್ಕತಾ ಐತೆ" ಎಂದರು ಮಾವ, ಒಡೆದ ದನಿಯಲ್ಲಿ. ನಾಲ್ಕು ತಿಂಗಳಲ್ಲಿ ಅವರಾಡಿದ ಮೊದಲ ತಮಾಷೆ. ಯಾರಿಗೂ ನಗು ಬರಲಿಲ್ಲ.

"ಅದಕ್ಕೇ ಕೆಳಗೆ ಬೇಡ, ಮೇಲೆ ಮಾಡೋಣ" ಎಂದರು ಇಂಜಿನಿಯರು. ಬಂಡೆಯ ಮೇಲೆ, ನೆಲದಿಂದ ಎತ್ತರಕ್ಕೆ, ಮೂರು ಕೋಣೆಯ ಮುಚ್ಚಿದ ಟ್ಯಾಂಕು. ಗಾಳಿ ಹೋಗಲು ಮಹಡಿಯ ಮೇಲಿನವರೆಗೆ ಕೊಳವೆ. ಅಲ್ಲಿಂದ ನೀರು ಜಲ್ಲಿ ತುಂಬಿದ ಉದ್ದದ ತೊಟ್ಟಿಗೆ; ಅದರಲ್ಲಿ ಕಾಬಾಳೆ ಮತ್ತು ಜೊಂಡು ನೆಡುವುದು, ಬೇರುಗಳು ನೀರನ್ನು ತೊಳೆಯುತ್ತವೆ. ಕೊನೆಗೆ ಸಣ್ಣದೊಂದು ಪಂಪು ಅದನ್ನು ಸ್ವಲ್ಪ ಸ್ವಲ್ಪವಾಗಿ ಮರಳಿನ ದಿಬ್ಬಕ್ಕೆ ಕಳಿಸುತ್ತದೆ. ದಿಬ್ಬದ ಮೇಲೆ ಹುಲ್ಲು, ಅಂಚಿಗೆ ಬಾಳೆ. ನೀರು ಆ ಮರಳಿನಲ್ಲಿ ಇಳಿಯುವಷ್ಟರಲ್ಲಿ ಚೊಕ್ಕವಾಗುತ್ತದೆ, ಉಳಿದದ್ದನ್ನು ಬಿಸಿಲು, ಬೇರುಗಳು ನೋಡಿಕೊಳ್ಳುತ್ತವೆ. ಯಾವ ಕಾಲಕ್ಕೂ ಯಾರೂ ಯಾವುದರೊಳಗೂ ಇಳಿಯಬೇಕಾಗಿಲ್ಲ.

ದಿಬ್ಬಕ್ಕೆ ಜಾಗವಿದ್ದದ್ದು ಈಶಾನ್ಯ ಮೂಲೆಯಲ್ಲಿ ಮಾತ್ರ. ಈಶಾನ್ಯದಲ್ಲಿ ಭಾರ ಇಡಬಾರದು, ಎತ್ತರಿಸಬಾರದು, ಅದರಲ್ಲೂ ಪಾಯಿಖಾನೆಯ ನೀರು ಅಲ್ಲಿಗೆ! ನನ್ನ ಗಂಡ ಅತ್ತೆಯ ಮುಖ ನೋಡಿದರು. ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಅವತ್ತು ರಾಹುಕಾಲ ಕಳ್ದ ಮೇಲೇ ತಾನೆ ಮುಚ್ಚಳ ತೆಗ್ಸಿದ್ದು" ಎಂದಷ್ಟೇ ಹೇಳಿ ಒಳಗೆ ಹೋದರು. ದಿಬ್ಬ ಈಶಾನ್ಯದಲ್ಲೇ ಎದ್ದಿತು.

ಬಾವಿಯನ್ನು ಖಾಲಿ ಮಾಡಲು ಅದೇ ಟ್ರ್ಯಾಕ್ಟರಿನವನು ಬಂದ. ಮಾವನ ಕಾಲಿನ ಹತ್ತಿರ ಕುಳಿತು, "ಹೆಂಗಿದೀರಾ ಯಜಮಾನ್ರೇ?" ಎಂದ. ಮಾವ ಅವನ ತಲೆಯ ಮೇಲೆ ನಡುಗುವ ಕೈ ಇಟ್ಟು, "ಗುಂಡಿ ಅಂದ್ಯಲ್ಲ, ಗುಂಡೀನೇ ಕಣ್ಲಾ" ಎಂದರು. ಚಪ್ಪಡಿ ಒಡೆದು, ಸುಣ್ಣ ಸುರಿದು, ಕಲ್ಲು ಮಣ್ಣು ತುಂಬಿ ಮುಚ್ಚಿದರು. ಲೋಡಿನ ಮೇಲೆ ಲೋಡು ಬಿದ್ದರೂ ತುಂಬುತ್ತಿರಲಿಲ್ಲ. ತುಂಬಿದ ಮೇಲೂ ಮಾವ ರಾತ್ರಿ ಏಳುವುದು ನಿಲ್ಲಲಿಲ್ಲ. ಹೋಗಿ ಆ ಮಣ್ಣಿನ ಮೇಲೆ ನಿಂತು ಬರುತ್ತಿದ್ದರು. ನಾನೂ ಏಳುವುದು ನಿಲ್ಲಲಿಲ್ಲ. ಹೊಸ ಪಂಪು ಗುಂಯ್ ಎಂದಾಗಲೆಲ್ಲ ಬೆಚ್ಚುತ್ತಿದ್ದೆ.

ಮುಂಗಾರು ಮತ್ತೆ ಬಂತು. ಒಂದು ಭಾನುವಾರ ಮಧ್ಯಾಹ್ನದಿಂದಲೇ ಹಿಡಿದ ಮಳೆ. ಈ ದಿಬ್ಬ ನಿಲ್ಲುತ್ತದೋ ಇಲ್ಲ ಕೊಚ್ಚಿಹೋಗುತ್ತದೋ ಎಂದು ಮಾವ ಸಜ್ಜೆಯ ಕೆಳಗೆ ಕುರ್ಚಿ ಹಾಕಿ ಕೂತಿದ್ದರು. ಕಾಬಾಳೆಯ ಕೆಂಪು ಹೂಗಳು ನೆನೆದು ತಲೆ ತಗ್ಗಿಸಿದ್ದವು. ನಾನು ಕಾಫಿ ತಂದುಕೊಟ್ಟೆ. ಅದು ಬಿಸಿ ಎನ್ನುವ ಒಂದೇ ಕಾರಣಕ್ಕೆ ಅವರು ಕುಡಿಯುತ್ತಿದ್ದರು.

"ಮಾವ, ಅವತ್ತು ನಾನು ಬೇಡ ಅನ್ಬೇಕಿತ್ತು" ಎಂದೆ. ಹೇಳಬೇಕೆಂದು ಬಂದಿರಲಿಲ್ಲ. "ನಾನೇ ಪಾಠ ಮಾಡ್ತೀನಿ ಆ ಗ್ಯಾಸಿಂದು. ಅದಿದ್ರೂ ದೀಪ ಉರಿಯುತ್ತೆ. ನಂಗೆ ಗೊತ್ತಿತ್ತು."

ಅವರು ದಿಬ್ಬದ ಕಡೆಯೇ ನೋಡುತ್ತಿದ್ದರು.

"ಕುಡಿ ಉದ್ದ ಆಯ್ತು" ಎಂದರು. "ನೋಡಿದ್ಯಾ?"

"ನೋಡ್ದೆ."

"ನಮ್ ಬಾವೀಲಿ ಯಾವತ್ತೂ ಅಂಗಾಗಿರ್ಲಿಲ್ಲ. ಒಂದ್ ಗಳಿಗೆ ಎದೆ ಅಳುಕ್ತು. ಅದಕ್ಕೇ ನಿನ್ನ ಕೇಳಿದ್ದು ಕಣವ್ವ."

ಅವರು ತಮಾಷೆಗೆ ಕೇಳಿದ್ದೆಂದು ನಾನು ಒಂದು ವರ್ಷ ತಿಳಿದಿದ್ದೆ.

"ನಾನು ಬೇಡ ಅಂದಿದ್ರೆ?"

"ಇಳೀತಿರ್ಲಿಲ್ಲ."

ಮಳೆ ಜೋರಾಯಿತು. ನಾನು ಅಳಲಿಲ್ಲ. ಅವರು ಸಮಾಧಾನ ಹೇಳಲೂ ಇಲ್ಲ, ಬೈಯಲೂ ಇಲ್ಲ. ಒಂದು ವರ್ಷದಿಂದ ನಾನು ಒಳಗೊಳಗೇ ಹೇಳಿಕೊಳ್ಳುತ್ತಿದ್ದದ್ದನ್ನು ಇನ್ನೊಬ್ಬರ ಬಾಯಿಂದ ಕೇಳಿದ್ದಾಯಿತು. ಅದು ನಿಜವೇ ಆಗಿತ್ತು. ಅವರು ಬರಿದಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು, ನಡುಕಕ್ಕೆ ಬೀಳದ ಹಾಗೆ.

"ಓಗು, ದಿಬ್ಬದಲ್ಲಿ ನೀರು ನಿಂತೈತಾ ನೋಡ್ಬಾ. ನಂಗೆ ವಾಸ್ನೆ ಗೊತ್ತಾಗಲ್ಲ. ನೀನೇ ನೋಡ್ಬೇಕು."

ಕೊಡೆ ಹಿಡಿದು ಹೋದೆ. ದಿಬ್ಬದ ನಡುವೆ ನೀರಿನ ಮಟ್ಟ ನೋಡಲು ನೆಟ್ಟ ಕೊಳವೆಯ ಮುಚ್ಚಳ ತಿರುಗಿಸಿ ಟಾರ್ಚು ಬಿಟ್ಟೆ. ತಳದಲ್ಲಿ ಒದ್ದೆ ಮರಳು, ಅಷ್ಟೆ. ಬಗ್ಗಿ ಮೂಸಿದೆ. ಒಂದೇ ಸಲಕ್ಕೆ ನಂಬಿಕೆಯಾಗದೆ, ದೂರ ಹೋಗಿ, ಬಾಳೆಯ ಹತ್ತಿರ ನಿಂತು ಮೂಗಿಗೆ ಬೇರೆ ಗಾಳಿ ಕೊಟ್ಟು, ಮತ್ತೆ ಬಂದು ಮೂಸಿದೆ. ಮಣ್ಣಿನ ವಾಸನೆ. ಮುಚ್ಚಳ ಬಿಗಿದು ಬಂದೆ.

"ನಿಂತಿಲ್ಲ ಮಾವ. ಎರಡು ಸಲ ನೋಡ್ದೆ."

"ಸರಿ" ಎಂದು ಅವರು ಒಳಗೆ ಹೋದರು.

ಮಾರನೆಯ ದಿನ ಎಚ್ಚರವಾದದ್ದು ಅತ್ತೆ ಬಾಗಿಲು ಬಡಿದಾಗ. ಕಾಲೇಜಿಗೆ ಹೊತ್ತಾಗಿತ್ತು, ಕಿಟಕಿಯಲ್ಲಿ ಬಿಸಿಲು. ಎದ್ದವಳು ಮೊದಲು ಹಜಾರಕ್ಕೆ ಓಡಿದೆ. ಮಾವ ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಿಂತು ಬೆನ್ನು ಏರುವುದನ್ನು ನೋಡಿದೆ. ಬೆಳಗಿನ ಜಾವದವರೆಗೂ ಮಳೆ ಸುರಿದಿತ್ತೆಂದು ಅತ್ತೆ ಹೇಳಿದರು, ನನಗೆ ಕೇಳಿಸಿರಲಿಲ್ಲ. ಹೊಸ್ತಿಲ ಪಕ್ಕದಲ್ಲಿ ಮಾವನ ಚಪ್ಪಲಿ ಇತ್ತು. ಬಗ್ಗಿ ಮುಟ್ಟಿ ನೋಡಿದೆ. ಎರಡೂ ಒಣಗಿದ್ದವು.